ಗಾಡಿಯ ಕೆಳಗೆ ರಟ್ಟು

ಇಪ್ಪತ್ತಾರು ವರ್ಷ ಬೇರೆಯವರು ಓಡಿಸುವ ಬಸ್ಸಿನಲ್ಲಿ
ನಿಂತೇ ಊರೆಲ್ಲ ಸುತ್ತಿದವಳು ನಾನು,
ಚಿಲ್ಲರೆ ಕೇಳುತ್ತ, ಮುಂದೆ ಹೋಗಿ ಮುಂದೆ ಹೋಗಿ ಎನ್ನುತ್ತ.
ಈಗ ಕೂತಿದ್ದೇನೆ. ಅದೂ ಎತ್ತರದಲ್ಲಿ.
ಸೆಕೆಂಡ್ ಹ್ಯಾಂಡು, ಹನ್ನೊಂದು ವರ್ಷದ್ದು, ಡೀಸೆಲ್.
ಬಣ್ಣ ಬಿಳಿ ಅಂತ ಆರ್‌ಸಿ ಹೇಳುತ್ತದೆ.

ಪೂಜೆ ಆಮೇಲೆ, ಅಂದ ಆರೋಗ್ಯಸ್ವಾಮಿ,
ಲಿಂಗರಾಜಪುರದ ಫ್ಲೈಓವರ್ ಪಕ್ಕದ ಗಲ್ಲಿಯ ಶೆಡ್ಡಿನಲ್ಲಿ
ಕೈ ಒರೆಸಿಕೊಳ್ಳುತ್ತ. ನಿಂಬೆಹಣ್ಣು ಬ್ಯಾಗಲ್ಲೇ ಇರಲಿ.
ಮೊದಲು ಇದರ ಹೊಟ್ಟೆ ತೊಳೀಬೇಕು.
ಹಿಂದಿನವರು ಏನು ಹಾಕಿದ್ರೋ, ಯಾವಾಗ ಹಾಕಿದ್ರೋ,
ಅವರ ಮಾತು ಬೇಡ ಮೇಡಂ, ಎಣ್ಣೆ ಮಾತು ಕೇಳೋಣ.

ನಟ್ಟು ಸಡಿಲಿಸಿದ. ಬಂತು,
ಕಪ್ಪು ಬೆಲ್ಲದ ಎಳೆಪಾಕದ ಹಾಗೆ, ಅವಸರವಿಲ್ಲದೆ.
ಎರಡು ಬೆರಳಲ್ಲಿ ಉಜ್ಜಿ ನೋಡಿದ.
ತರಿ ಇಲ್ಲ. ಬದುಕತ್ತೆ ಬಿಡಿ.

ಗೇರಿಗೆ ಬೇರೆ ಎಣ್ಣೆ, ಹಿಂದಿನ ಆಕ್ಸಲ್ಲಿಗೆ ಬೇರೆ,
ನಾಲ್ಕೂ ಚಕ್ರಕ್ಕೆ ಬಲ ಹಂಚುವ ಡಬ್ಬಿಗೆ ಮತ್ತೊಂದು.
ಅದನ್ನ ಎಲ್ಲರೂ ಮರೀತಾರೆ, ಅಂದ,
ಮನೇಲಿ ನಡುವಿನ ಮಗೂನ ಮರೆತ ಹಾಗೆ.
ನಾನು ಐವರಲ್ಲಿ ಮೂರನೆಯವಳು. ಹೇಳಲಿಲ್ಲ.

ಏರ್ ಫಿಲ್ಟರ್ ಬಿಚ್ಚಿದರೆ ಇಲಿಯ ಬಾಣಂತಿಕೋಣೆ:
ಕಡಲೆಕಾಯಿ ಸಿಪ್ಪೆ, ಸೀಟಿನ ಸ್ಪಂಜು,
ಕಚ್ಚಿ ಕಚ್ಚಿ ಚೂರಾದ ಲಗ್ನಪತ್ರಿಕೆ.
ಚಿ. ಸೌ. ಅಂತ ಉಳಿದಿತ್ತು. ಹೆಸರಿರಲಿಲ್ಲ.

ಮೀಟರು ಅರವತ್ತೆರಡು ಸಾವಿರ ಅನ್ನುತ್ತಿತ್ತು.
ಕ್ಲಚ್ಚಿನ ರಬ್ಬರು ಸವೆದ ನಾಲ್ಕಾಣೆಯಷ್ಟು ನುಣ್ಣಗಿತ್ತು.
ಬಾನೆಟ್ಟಿನ ಒಳಮೈಯಲ್ಲಿ ಯಾವನೋ ಮೆಕ್ಯಾನಿಕ್ಕು
ಮಾರ್ಕರಿನಲ್ಲಿ ಬರೆದಿಟ್ಟಿದ್ದ: ಬೆಲ್ಟ್ ಹಾಕಿದ್ದು
ಒಂದು ಲಕ್ಷ ಹದಿನೆಂಟು ಸಾವಿರದ ನಾನೂರಕ್ಕೆ.
ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.
ವೇಬಿಲ್ ತಿದ್ದಿದವರನ್ನು ನಾನು ಕಂಡಿದ್ದೇನೆ.
ಅಂಕಿ ಸರಿಹೋಗುತ್ತದೆ, ಕೈ ನಡುಗುತ್ತದೆ.
ಮಾರಿದ ಮನುಷ್ಯ ಆವತ್ತು ಕಾಫಿ ತಂದುಕೊಟ್ಟಾಗ
ಸಾಸರಿಗೆ ಒಂದು ಹನಿ ಚೆಲ್ಲಿರಲಿಲ್ಲ.

ಬೆಲ್ಟು ಬದಲಿಸಿ, ಅಂದೆ.
ಹೇಗೂ ಬದಲಿಸಬೇಕು ಮೇಡಂ,
ಅದು ಹರಿಯೋ ದಿನ ಹೇಳಿ ಹರಿಯಲ್ಲ.
ಬ್ರೇಕಿನ ಎಣ್ಣೆ ಡಿಕಾಕ್ಷನ್ ಆಗಿತ್ತು. ಕೂಲೆಂಟು ಬರೀ ತುಕ್ಕುನೀರು.
ಟೈರಿನ ಪಕ್ಕೆಯ ನಾಲ್ಕಂಕಿ ಓದಲು ಕಲಿಸಿದ,
ಮೊದಲೆರಡು ವಾರ, ಕೊನೆಯೆರಡು ವರ್ಷ.
ಸ್ಟೆಪ್ನಿ ಮಾತ್ರ ಗಾಡಿಯಷ್ಟೇ ಹಳೆಯದು,
ನೆಲ ಕಂಡೇ ಇಲ್ಲ, ರಬ್ಬರಿನ ಎಳೆಗೂದಲು ಇನ್ನೂ ಹಾಗೇ.
ಬಿಸಾಕಿ, ಗಟ್ಟಿಯಾಗಿದೆ, ಅಂದ.
ಒಂದು ದಿನ ತಡಿಯಪ್ಪ, ಅಂದೆ.

ಬಿಲ್ಲು ಇಪ್ಪತ್ತೆಂಟು ಸಾವಿರದ ಆರುನೂರ ನಲವತ್ತು.
ಗ್ರಾಚುಟಿಯ ಬಾಲ ಇನ್ನಷ್ಟು ಮೊಟಕು.
ಹೊಸ ನೋಟ್‌ಬುಕ್ಕಿನಲ್ಲಿ ಬರೆದೆ, ಡ್ಯೂಟಿ ಹತ್ತುವಾಗ ಬರೆದಂತೆ:
ತಾರೀಕು, ಯಾವ ಯಾವ ಎಣ್ಣೆ, ಮೀಟರಿನ ಸುಳ್ಳು,
ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ನನ್ನ ಅಂದಾಜು.

ಹೊರಡುವಾಗ ಕಿಟಕಿಗೆ ಬಂದು ಅಂದ:
ರಾತ್ರಿ ಕೆಳಗೊಂದು ರಟ್ಟು ಹಾಸಿ.
ಕಪ್ಪು ಬಿದ್ದರೆ ಎಂಜಿನ್ನು, ಹಸಿರು ಬಿದ್ದರೆ ರೇಡಿಯೇಟರು,
ಕೆಂಪಾದರೆ ಸ್ಟೀರಿಂಗು,
ಏನೂ ಇಲ್ಲದಿದ್ದರೆ ಫೋನ್ ಮಾಡಬೇಡಿ.

ಕಾಚರಕನಹಳ್ಳಿಯ ನಮ್ಮ ಬೀದಿ. ಬೆಳಗ್ಗೆ ಐದು.
ಹಾಲಿನ ವ್ಯಾನೂ ಬಂದಿಲ್ಲ.
ಸೀರೆ ಎತ್ತಿ ಸಿಕ್ಕಿಸಿ, ಮಂಡಿಯೂರಿ, ಟಾರ್ಚು ಬಿಟ್ಟೆ.
ಫ್ರಿಜ್ಜಿನ ಡಬ್ಬದ ರಟ್ಟು. ಅದರ ಮೇಲೆ
ದುಂಡಗೆ ಒಂದು ತಗ್ಗು, ನಾಲ್ಕಾರು ಕಂದು ರೋಮ,
ಮುಟ್ಟಿದರೆ ಇನ್ನೂ ಬಿಸಿ.
ಯಾವುದೋ ನಾಯಿ ಕೊನೇ ಸ್ಟಾಪಿನವರೆಗೂ ಮಲಗಿ
ಇಳಿದುಹೋಗಿತ್ತು, ಟಿಕೆಟ್ಟಿಲ್ಲದೆ.

ಮೂಲೆಯಲ್ಲಿ ಒಂದು ಹನಿ.
ಬಣ್ಣ ತಿಳಿಯಲು ಇನ್ನೂ ಬೆಳಕಾಗಬೇಕು.